ಮೊದಲ ಗೇಮಿಂಗ್ ಕಂಪ್ಯೂಟರ್: ಕೈಯಲ್ಲಿ ಹಣ ಕಡಿಮೆ ಇದ್ದಾಗ ಯಾವುದಕ್ಕೆ ಎಷ್ಟು?

ಹತ್ತನೆಯ ತರಗತಿ ಮುಗಿಸಿ ಡಿಪ್ಲೊಮಾಕ್ಕೋ, ಪಿಯುಸಿ ಮುಗಿಸಿ ಎಂಜಿನಿಯರಿಂಗ್‌ಗೋ ಸೇರುವ ಹೊತ್ತಿಗೆ ವಿಜಯಪುರದ ಎಷ್ಟೋ ಮನೆಗಳಲ್ಲಿ ಕಂಪ್ಯೂಟರಿನ ಮಾತು ಶುರುವಾಗುತ್ತದೆ. ಓದಿಗೂ ಬೇಕು, ಆಟಕ್ಕೂ ಬೇಕು, ಅಪ್ಪ ಕೊಡುವ ಹಣ ಮಾತ್ರ ಇಷ್ಟೇ ಎಂದು ನಿಗದಿಯಾಗಿರುತ್ತದೆ. ಆ ಹಣದಲ್ಲಿ ಮೊದಲ ಬಾರಿ ಭಾಗಗಳನ್ನು ಆರಿಸಿ ಜೋಡಿಸಲು ಹೊರಟವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬೆಂಗಳೂರಿನಲ್ಲೋ ಬೇರೆ ದೇಶದಲ್ಲೋ ಕುಳಿತು ಮಾಡಿದ ವಿಡಿಯೊಗಳು ಆಟದ ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡಿನ ಬಗ್ಗೆ ಚೆನ್ನಾಗಿಯೇ ಹೇಳುತ್ತವೆ. ನಮ್ಮ ಏಪ್ರಿಲ್ ಬಿಸಿಲು, ಎರೆ ಮಣ್ಣಿನ ಧೂಳು, ಸಂಜೆಯಾದರೆ ಏರಿಳಿಯುವ ವೋಲ್ಟೇಜ್ ಇವು ಯಾವುವೂ ಅವುಗಳ ಲೆಕ್ಕದಲ್ಲಿ ಇರುವುದಿಲ್ಲ. ಹಣ ಕಡಿಮೆ ಇದ್ದವರಿಗೆ ಭಾಗ ಸುಟ್ಟುಹೋದರೆ ಎರಡನೆಯದನ್ನು ಕೊಳ್ಳುವ ಶಕ್ತಿ ಇರುವುದಿಲ್ಲ. ಆದ್ದರಿಂದ ವೇಗದಷ್ಟೇ ಗಮನವನ್ನು ಬಾಳಿಕೆಗೂ ಕೊಡಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಮೊದಲು ಆಟಗಳ ಪಟ್ಟಿ, ಆಮೇಲೆ ಭಾಗಗಳ ಪಟ್ಟಿ

ನೀವು ನಿಜವಾಗಿಯೂ ಆಡುವ ಆಟಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ವ್ಯಾಲೊರಂಟ್, ಮೈನ್‌ಕ್ರಾಫ್ಟ್‌ನಂತಹವು ಸಾಧಾರಣ ಕಂಪ್ಯೂಟರಿನಲ್ಲೂ ಸಲೀಸಾಗಿ ನಡೆಯುತ್ತವೆ. ಜಿಟಿಎ 5 ಪಿಸಿಗೆ ಬಂದದ್ದು 2015ರಲ್ಲಿ. ಅದಕ್ಕೂ ಹೆಚ್ಚು ಬಲ ಬೇಡ. ಸೈಬರ್‌ಪಂಕ್ 2077ರಂತಹ ಭಾರೀ ಆಟ ಪಟ್ಟಿಯಲ್ಲಿದ್ದರೆ ಮಾತ್ರ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ದಾರಿಯಿಲ್ಲ. ಆಟಗಳನ್ನು ಮಾರುವ ಸ್ಟೀಮ್ ಜಾಲತಾಣದಲ್ಲಿ ಪ್ರತಿ ಆಟದ ಪುಟದ ಕೆಳಗೆ ಕನಿಷ್ಠ ಮತ್ತು ಶಿಫಾರಸು ಮಾಡಿದ ಭಾಗಗಳ ವಿವರ ಇರುತ್ತದೆ. ಶಿಫಾರಸಿನ ಸಾಲನ್ನು ಓದಿ, ಕನಿಷ್ಠದ್ದನ್ನು ಬಿಡಿ. ಬಿಜಿಎಂಐ ಆಡುವುದಕ್ಕೆಂದೇ ಪಿಸಿ ಕೊಳ್ಳಬೇಡಿ, ಅದು ಮೊಬೈಲಿನ ಆಟ. ಅದರ ಮೂಲವಾದ ಪಬ್‌ಜಿ 2022ರ ಜನವರಿಯಿಂದ ಪಿಸಿಯಲ್ಲಿ ಉಚಿತವಾಗಿದೆ.

ಪರದೆಯನ್ನೂ ಈಗಲೇ ತೀರ್ಮಾನಿಸಿ. 1920×1080ರ ಪರದೆಗೆ ಸಾಕಾಗುವ ಕಾರ್ಡ್ 4ಕೆ ಪರದೆಯ ಮುಂದೆ ಏದುಸಿರು ಬಿಡುತ್ತದೆ, ಏಕೆಂದರೆ 4ಕೆಯಲ್ಲಿ ಬಿಡಿಸಬೇಕಾದ ಚುಕ್ಕಿಗಳು ನಾಲ್ಕು ಪಟ್ಟು. ಸಣ್ಣ ಬಜೆಟ್ಟಿಗೆ 22ರಿಂದ 24 ಇಂಚಿನ, 100 ಹರ್ಟ್ಸ್‌ನ (ಸೆಕೆಂಡಿಗೆ ನೂರು ಬಾರಿ ಚಿತ್ರ ಬದಲಿಸುವ), ಬದಿಯಿಂದ ನೋಡಿದರೂ ಬಣ್ಣ ಕೆಡದ ಐಪಿಎಸ್ ಪ್ಯಾನಲ್ ಇರುವ 1080ಪಿ ಮಾನಿಟರ್ ಸರಿಯಾದ ಜೋಡಿ. ಮನೆಯಲ್ಲಿ ಎಚ್‌ಡಿಎಂಐ ಕಿಂಡಿ ಇರುವ ಟಿವಿ ಇದ್ದು, ಧಾರಾವಾಹಿ ನೋಡುವವರ ಅಭ್ಯಂತರ ಇಲ್ಲದಿದ್ದರೆ ಮೊದಲ ಕೆಲವು ತಿಂಗಳು ಅದನ್ನೇ ಬಳಸಿ. ಟಿವಿಯಲ್ಲಿ ಗೇಮ್ ಮೋಡ್ ಹಾಕಿದರೆ ಒತ್ತಿದ ಬಟನ್ ಪರದೆಯಲ್ಲಿ ಕಾಣಿಸುವ ತಡ ಕಡಿಮೆಯಾಗುತ್ತದೆ. ಹಾಗೆ ಉಳಿದ ಹಣ ಪೆಟ್ಟಿಗೆಯ ಒಳಕ್ಕೆ ಹೋಗಲಿ.

ನೂರು ರೂಪಾಯಿಯ ಲೆಕ್ಕ

ಭಾಗಗಳ ಬೆಲೆ ವಾರ ವಾರಕ್ಕೂ ಬದಲಾಗುತ್ತದೆ. 2025ರ ಕೊನೆಯ ತಿಂಗಳುಗಳಲ್ಲಿ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ರ್‍ಯಾಮ್ ಬೆಲೆ ಹೇಗೆ ಜಿಗಿಯಿತು ಎಂಬುದನ್ನು ಕೊಳ್ಳಲು ಹೋದವರೆಲ್ಲ ಕಂಡಿದ್ದಾರೆ. ಆದ್ದರಿಂದ ರೂಪಾಯಿಯಲ್ಲಿ ಹೇಳುವ ಬದಲು ಪಾಲಿನಲ್ಲಿ ಹೇಳುತ್ತೇನೆ. ಮಾನಿಟರ್, ಕೀಬೋರ್ಡ್, ಮೌಸ್, ಯುಪಿಎಸ್ ಬಿಟ್ಟು ಪೆಟ್ಟಿಗೆಗೆ ಮಾತ್ರ ನೂರು ರೂಪಾಯಿ ಇದೆ ಎಂದುಕೊಳ್ಳಿ. ಗ್ರಾಫಿಕ್ಸ್ ಕಾರ್ಡಿಗೆ 36, ಪ್ರೊಸೆಸರಿಗೆ 18, ಮದರ್‌ಬೋರ್ಡಿಗೆ 12, ರ್‍ಯಾಮ್‌ಗೆ 12, ಎಸ್‌ಎಸ್‌ಡಿಗೆ (ವಿಂಡೋಸ್, ಆಟಗಳನ್ನು ಉಳಿಸಿಡುವ ವೇಗದ ಡಿಸ್ಕ್) 8, ಎಸ್‌ಎಂಪಿಎಸ್‌ಗೆ (ಕರೆಂಟನ್ನು ಭಾಗಗಳಿಗೆ ತಕ್ಕಂತೆ ಹಂಚುವ ಸಾಧನ) 8, ಕ್ಯಾಬಿನೆಟ್ಟಿಗೆ 6. ರ್‍ಯಾಮ್ ದುಬಾರಿಯಾದ ದಿನಗಳಲ್ಲಿ ಅದರ ಪಾಲು ಹಿಗ್ಗುತ್ತದೆ. ಆಗ ಕಾರ್ಡಿನಿಂದ ತೆಗೆಯಿರಿ, ಕ್ಯಾಬಿನೆಟ್ಟಿನ ಬಣ್ಣದ ದೀಪಗಳಿಂದ ತೆಗೆಯಿರಿ, ಎಸ್‌ಎಂಪಿಎಸ್‌ನಿಂದ ಮಾತ್ರ ತೆಗೆಯಬೇಡಿ.

"ಐ7 ಇದೆ" ಎಂಬ ಮಾತಿಗೆ ಮರುಳಾಗುವ ಮುನ್ನ

ಅಂಗಡಿಯಿಂದ ಹುಡುಗರು ತರುವ ಕೆಲವು ಕೊಟೇಶನ್‌ಗಳನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. "ಐ7 ಪ್ರೊಸೆಸರ್, 16 ಜಿಬಿ ರ್‍ಯಾಮ್, 4 ಜಿಬಿ ಗ್ರಾಫಿಕ್ಸ್" ಎಂದು ಬರೆದಿರುತ್ತದೆ, ಪೂರ್ತಿ ಮಾದರಿ ಸಂಖ್ಯೆ ಎಲ್ಲೂ ಇರುವುದಿಲ್ಲ. ಐ7-2600 ಕೂಡ ಐ7, ಅದು 2011ರದು. 2022ರ ಐ3-12100 ನಾಲ್ಕೇ ಕೋರಿನದಾದರೂ (ಕೋರ್ ಎಂದರೆ ಲೆಕ್ಕ ಮಾಡುವ ಘಟಕ) ಅದನ್ನು ಸುಲಭವಾಗಿ ಹಿಂದೆ ಹಾಕುತ್ತದೆ. ಗೆರೆಯ ನಂತರದ ಅಂಕಿಯಲ್ಲಿ ಕೊನೆಯ ಮೂರನ್ನು ಬಿಟ್ಟು ಮುಂದೆ ಉಳಿಯುವುದೇ ತಲೆಮಾರು: 2600 ಎಂದರೆ ಎರಡನೆಯದು, 12100 ಎಂದರೆ ಹನ್ನೆರಡನೆಯದು. ಹಳೆಯ ಪ್ರೊಸೆಸರಿಗೆ ಇನ್ನೊಂದು ತೊಂದರೆಯೂ ಇದೆ. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೆಯ ತಲೆಮಾರಿನಿಂದ ಈಚಿನದು, ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಇರುವುದು ಬೇಕು. ವಿಂಡೋಸ್ 11ರಲ್ಲಿ ವ್ಯಾಲೊರಂಟ್ ತೆರೆಯಬೇಕಾದರೂ ಟಿಪಿಎಂ ಮತ್ತು ಸೆಕ್ಯೂರ್ ಬೂಟ್ (ಕಂಪ್ಯೂಟರ್ ಶುರುವಾಗುವಾಗ ನಂಬಿಕೆಯಿಲ್ಲದ ತಂತ್ರಾಂಶವನ್ನು ತಡೆಯುವ ವ್ಯವಸ್ಥೆ) ಎರಡೂ ಚಾಲೂ ಇರಬೇಕು.

"4 ಜಿಬಿ ಗ್ರಾಫಿಕ್ಸ್" ಎಂಬುದೂ ಇಂತಹದೇ ಅರ್ಧ ಮಾತು. ಜಿಟಿ 730 ಎಂಬ 2014ರ ಕಾರ್ಡಿಗೆ 4 ಜಿಬಿ ಮೆಮೊರಿ ಹಚ್ಚಿ ಮಾರುತ್ತಾರೆ. ಎಎಂಡಿ ಕಂಪನಿಯ ರೈಝೆನ್ 5 5600ಜಿ ಪ್ರೊಸೆಸರಿನ ಒಳಗೇ ಬರುವ ಗ್ರಾಫಿಕ್ಸ್ ಅದಕ್ಕಿಂತ ಬಹಳ ಮುಂದಿದೆ. ಆರ್‌ಟಿಎಕ್ಸ್ 3050 ಎಂದಾಗಲೂ 8 ಜಿಬಿಯದೋ 6 ಜಿಬಿಯದೋ ಎಂದು ಕೇಳಿ. ಹೆಸರು ಒಂದೇ ಇದ್ದರೂ 6 ಜಿಬಿಯ ಕಾರ್ಡಿನಲ್ಲಿ ಮೆಮೊರಿಯಷ್ಟೇ ಅಲ್ಲ, ವೇಗವೂ ಕಡಿಮೆ. ಪೂರ್ತಿ ಮಾದರಿ ಸಂಖ್ಯೆ ಬರೆದುಕೊಡದ ಕೊಟೇಶನ್ನಿಗೆ ಮುಂಗಡ ಕೊಡಬೇಡಿ. "ಅಣ್ಣಾ, ಪ್ರತಿಯೊಂದರ ಮಾದರಿ ಸಂಖ್ಯೆ ಬರೆದು ಕೊಡಿ, ಮನೆಯಲ್ಲಿ ತೋರಿಸಬೇಕು" ಎಂದು ಮರ್ಯಾದೆಯಿಂದಲೇ ಕೇಳಿ. ಒಳ್ಳೆಯ ಅಂಗಡಿಯವರು ಸಂತೋಷದಿಂದ ಬರೆದು ಕೊಡುತ್ತಾರೆ.

ಎರಡು ದಾರಿಗಳು

ಹಣ ಸ್ವಲ್ಪ ಸಾಲುವಂತಿದ್ದರೆ ಪ್ರತ್ಯೇಕ ಕಾರ್ಡಿನ ದಾರಿ ಹಿಡಿಯಿರಿ. ಆರು ಕೋರಿನ ಐ5-12400ಎಫ್ ಅಥವಾ ರೈಝೆನ್ 5 5600, ಜೊತೆಗೆ ಆರ್‌ಎಕ್ಸ್ 6600 ದರ್ಜೆಯ 8 ಜಿಬಿ ಕಾರ್ಡ್. 2021ರಲ್ಲಿ ಬಂದ ಆರ್‌ಎಕ್ಸ್ 6600 ಆರ್‌ಟಿಎಕ್ಸ್ 3050ಕ್ಕಿಂತ ವೇಗದ್ದು, 132 ವ್ಯಾಟ್‌ನಲ್ಲಿ ಕೆಲಸ ಮಾಡುವುದರಿಂದ ಬಿಸಿಯೂ ಮಿತವಾಗಿ ಹೊರಬರುತ್ತದೆ. ಅದು ಸಿಗದಿದ್ದರೆ ಅದೇ ಬೆಲೆಯ ಹೊಸ ಕಾರ್ಡುಗಳನ್ನು ಅದರೊಂದಿಗೆ ಹೋಲಿಸಿ ನೋಡಿ. ಇಂಟೆಲ್ ಹೆಸರಿನ ಕೊನೆಯ ಎಫ್ ಅಕ್ಷರವನ್ನು ಗಮನಿಸಿ: ಎಫ್ ಇದ್ದರೆ ಪ್ರೊಸೆಸರಿನೊಳಗೆ ಗ್ರಾಫಿಕ್ಸ್ ಇಲ್ಲ ಎಂದರ್ಥ, ಕಾರ್ಡ್ ಹಾಕದೆ ಪರದೆಯಲ್ಲಿ ಏನೂ ಬರುವುದಿಲ್ಲ. ರೈಝೆನ್ 5 5600ಕ್ಕೂ ಇದೇ ಮಾತು ಅನ್ವಯ. ಕಾರ್ಡ್ ಕೆಟ್ಟು ವಾರಂಟಿಗೆ ಹೋದರೆ ಅದು ಬರುವವರೆಗೆ ಕಾಲೇಜಿನ ಕೆಲಸವೂ ನಿಲ್ಲುತ್ತದೆ ಎಂಬುದು ನೆನಪಿರಲಿ.

ಹಣ ತೀರ ಬಿಗಿಯಾಗಿದ್ದರೆ ಎರಡು ಕಂತಿನ ದಾರಿಯೇ ಮೇಲು. ಈಗ 5600ಜಿ ಅಥವಾ 5600ಜಿಟಿ ಹಾಕಿ, ಕಾರ್ಡ್ ಇಲ್ಲದೆ ಶುರು ಮಾಡಿ. ವ್ಯಾಲೊರಂಟ್, ಜಿಟಿಎ 5 ಮಟ್ಟದ ಆಟಗಳು ಚಿತ್ರದ ಗುಣಮಟ್ಟ ತಗ್ಗಿಸಿದರೆ 1080ಪಿಯಲ್ಲಿ ಚೆನ್ನಾಗಿಯೇ ನಡೆಯುತ್ತವೆ. ಆದರೆ ಇಲ್ಲಿ ರ್‍ಯಾಮ್ ಒಂದೇ ಕಡ್ಡಿ ಹಾಕಬೇಡಿ. ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ಅದು ರ್‍ಯಾಮ್‌ನಿಂದಲೇ ತೆಗೆದುಕೊಳ್ಳುತ್ತದೆ. 16 ಜಿಬಿಯ ಒಂದು ಕಡ್ಡಿಗಿಂತ 8 ಜಿಬಿಯ ಎರಡು ಕಡ್ಡಿಗಳಲ್ಲಿ ಆಟದ ವೇಗ ಎದ್ದು ಕಾಣುವಷ್ಟು ಹೆಚ್ಚುತ್ತದೆ.

ಎರಡನೆಯ ಕಂತಿನಲ್ಲಿ ಕಾರ್ಡ್ ಆರಿಸುವಾಗ ಒಂದು ಗುಂಡಿ ಇದೆ, ಅದರಲ್ಲಿ ಬೀಳಬೇಡಿ. 5600ಜಿ ಮತ್ತು 5600ಜಿಟಿ ಎರಡೂ ಪಿಸಿಐಇ (ಕಾರ್ಡ್ ಮತ್ತು ಪ್ರೊಸೆಸರಿನ ನಡುವಿನ ದಾರಿ) ಇದರ ಹಳೆಯ 3.0 ರೂಪಕ್ಕೆ ಮಾತ್ರ ಸೀಮಿತ. ಆರ್‌ಎಕ್ಸ್ 6500 ಎಕ್ಸ್‌ಟಿ ಅಗ್ಗವಾಗಿ ಕಾಣುತ್ತದೆ, ಆದರೆ ಅದು ಆ ದಾರಿಯ ನಾಲ್ಕು ಲೇನ್‌ಗಳಲ್ಲಿ ಮಾತ್ರ ಪ್ರೊಸೆಸರಿನೊಡನೆ ಮಾತನಾಡುತ್ತದೆ, ಮೆಮೊರಿಯೂ 4 ಜಿಬಿ. 3.0ರಲ್ಲಿ ಹಾಕಿದರೆ ಹಲವು ಆಟಗಳಲ್ಲಿ ಅದರ ವೇಗ ಕುಸಿಯುತ್ತದೆ. ಎಂಟು ಲೇನ್‌ಗಳ ಆರ್‌ಎಕ್ಸ್ 6600ಕ್ಕೆ ಅಷ್ಟು ಪೆಟ್ಟು ಬೀಳುವುದಿಲ್ಲ. ಇಂಟೆಲ್ ಆರ್ಕ್ ಕಾರ್ಡುಗಳಿಗೆ ರೀಸೈಜಬಲ್ ಬಾರ್ (ಪ್ರೊಸೆಸರ್ ಕಾರ್ಡಿನ ಮೆಮೊರಿಯನ್ನೆಲ್ಲ ಒಟ್ಟಿಗೆ ತಲುಪುವ ದಾರಿ) ಎಂಬ ಸೌಲಭ್ಯ ಬೋರ್ಡಿನಲ್ಲಿ ಇರಲೇಬೇಕು. ಅದಿಲ್ಲದ ಹಳೆಯ ಕಂಪ್ಯೂಟರಿಗೆ ಅವನ್ನು ಹಾಕಬೇಡಿ.

ಎಎಂ5 ಸಾಕೆಟ್ (ಪ್ರೊಸೆಸರ್ ಕೂರುವ ಜಾಗ) ಇರುವ ಬೋರ್ಡಿನ ಹೊಸ ರೈಝೆನ್‌ಗಳನ್ನು ಕೊಳ್ಳಲೇ ಎಂದು ಬಹಳ ಜನ ಕೇಳುತ್ತಾರೆ. ಮುಂದಿನ ವರ್ಷಗಳಲ್ಲಿ ಪ್ರೊಸೆಸರ್ ಬದಲಿಸಲು ಅದು ಅನುಕೂಲ ನಿಜ. ಅದಕ್ಕೆ ಡಿಡಿಆರ್5 ರ್‍ಯಾಮ್ ಮಾತ್ರ ಹೊಂದುತ್ತದೆ, ಬೋರ್ಡೂ ದುಬಾರಿ. ಬಿಗಿಯಾದ ಬಜೆಟ್ಟಿನಲ್ಲಿ ಆ ವ್ಯತ್ಯಾಸ ಕಾರ್ಡಿಗೆ ಹೋಗುವುದೇ ಒಳ್ಳೆಯದು.

ಬೋರ್ಡ್, ರ್‍ಯಾಮ್, ಎಸ್‌ಎಸ್‌ಡಿ

ಇಂಟೆಲ್ ಹನ್ನೆರಡನೆಯ ತಲೆಮಾರಿಗೆ ಎಚ್610 ಬೋರ್ಡ್ ಸಾಕು; ಡಿಡಿಆರ್4ರದೋ ಡಿಡಿಆರ್5ರದೋ ನೋಡಿ ಅದಕ್ಕೆ ತಕ್ಕ ರ್‍ಯಾಮ್ ತೆಗೆದುಕೊಳ್ಳಿ, ಒಂದರ ಕಿಂಡಿಯಲ್ಲಿ ಇನ್ನೊಂದು ಕೂರುವುದಿಲ್ಲ. ರೈಝೆನ್ 5600ಕ್ಕೆ ಬಿ550 ನನ್ನ ಮೊದಲ ಆಯ್ಕೆ. ಹಳೆಯ ಸ್ಟಾಕಿನ ಬಿ450 ಕೊಂಡರೆ ಬಯೋಸ್ (ಬೋರ್ಡಿನೊಳಗಿನ ಮೂಲ ತಂತ್ರಾಂಶ) ಅಪ್‌ಡೇಟ್ ಆಗಿದೆಯೇ ಎಂದು ಅಂಗಡಿಯಲ್ಲೇ ಖಚಿತಪಡಿಸಿಕೊಳ್ಳಿ, ಇಲ್ಲದಿದ್ದರೆ ಪ್ರೊಸೆಸರನ್ನು ಅದು ಗುರುತಿಸದೇ ಇರಬಹುದು. ಡಿಡಿಆರ್4ರಲ್ಲಿ 3200ರ ವೇಗದ್ದು ಸಾಕು.

ವಿಂಡೋಸ್ ಹಾರ್ಡ್ ಡಿಸ್ಕಿನಲ್ಲಿ ಹಾಕುವ ಕಾಲ ಮುಗಿಯಿತು. 500 ಜಿಬಿಯ ಎನ್‌ವಿಎಂಇ (ನೇರ ಬೋರ್ಡಿನ ಮೇಲೆ ಕೂರುವ, ಹೆಚ್ಚು ವೇಗದ) ಎಸ್‌ಎಸ್‌ಡಿ ಕನಿಷ್ಠ. ಅದು ವಿಂಡೋಸ್‌ನಲ್ಲಿ 465 ಜಿಬಿ ಎಂದು ತೋರಿಸಿದರೆ ಮೋಸವೆಂದು ಗಾಬರಿಯಾಗಬೇಡಿ, ಎಣಿಸುವ ವಿಧಾನದ ವ್ಯತ್ಯಾಸ ಅಷ್ಟೆ. ಮನೆಯಲ್ಲಿ ಹಳೆಯ ಹಾರ್ಡ್ ಡಿಸ್ಕ್ ಇದ್ದರೆ ಫೋಟೊ, ಸಿನಿಮಾಗಳಿಗೆ ಜೋಡಿಸಿಕೊಳ್ಳಿ.

ಕರೆಂಟು: ಇಲ್ಲಿ ನಿಧಾನವಾಗಿ ಓದಿ

ಕ್ಯಾಬಿನೆಟ್ ಜೊತೆಗೇ ಉಚಿತವಾಗಿ ಬರುವ "450 ವ್ಯಾಟ್" ಎಸ್‌ಎಂಪಿಎಸ್ ಅನ್ನು ಗೇಮಿಂಗ್ ಕಂಪ್ಯೂಟರಿಗೆ ಹಾಕಬೇಡಿ. ಅದರ ಮೈಮೇಲಿನ ಚೀಟಿಯನ್ನು ಓದಿ ನೋಡಿ. ಪ್ರೊಸೆಸರ್ ಮತ್ತು ಕಾರ್ಡ್ ಎರಡೂ ಬಹುಪಾಲು 12 ವೋಲ್ಟ್ ಸಾಲಿನಿಂದಲೇ ಶಕ್ತಿ ಪಡೆಯುತ್ತವೆ. ಆ ಸಾಲಿನ ಎದುರು ಬರೆದ ಆಂಪಿಯರ್ ಸಂಖ್ಯೆಯನ್ನು 12ರಿಂದ ಗುಣಿಸಿ. 36 ಆಂಪಿಯರ್ ಇದ್ದರೆ 432 ವ್ಯಾಟ್, ಸರಿ. 16 ಆಂಪಿಯರ್ ಇದ್ದರೆ 192 ವ್ಯಾಟ್. ಹೆಸರು 450 ಆದರೂ ಕೆಲಸಕ್ಕೆ ಸಿಗುವುದು ಅರ್ಧಕ್ಕಿಂತ ಕಡಿಮೆ.

ನಿಮಗೆ ಎಷ್ಟು ಬೇಕು? 65 ವ್ಯಾಟ್ ಎಂದು ಬರೆದ ಪ್ರೊಸೆಸರ್ ಪೂರ್ತಿ ದುಡಿಯುವಾಗ ಅದಕ್ಕಿಂತ ಸ್ವಲ್ಪ ಹೆಚ್ಚೇ ಎಳೆಯುತ್ತದೆ. ಕಾರ್ಡಿಗೆ 132, ಬೋರ್ಡ್, ಫ್ಯಾನ್, ಡಿಸ್ಕ್ ಎಲ್ಲಕ್ಕೂ 50 ಎಂದು ಹಿಡಿದರೂ ಒಟ್ಟು 270ರ ಆಸುಪಾಸು. ಹೆಸರುವಾಸಿ ಕಂಪನಿಯ, 80 ಪ್ಲಸ್ ಬ್ರಾಂಜ್ (ಕರೆಂಟ್ ಕಡಿಮೆ ಪೋಲಾಗುತ್ತದೆ ಎಂಬ) ಗುರುತಿನ 450 ವ್ಯಾಟ್ ಇದಕ್ಕೆ ಧಾರಾಳ. 550 ತೆಗೆದುಕೊಂಡರೆ ಮುಂದಿನ ಕಾರ್ಡಿಗೂ ಆಗುತ್ತದೆ. ಇನ್‌ಪುಟ್ ಸಾಲಿನಲ್ಲಿ 100ರಿಂದ 240 ವೋಲ್ಟ್ ಎಂದು ಇರುವುದನ್ನೇ ಆರಿಸಿ. 200ರಿಂದ 240 ಎಂದಿರುವುದು ವೋಲ್ಟೇಜ್ ಇಳಿದಾಗ ಕೈಕೊಡುತ್ತದೆ. ಇಂಡಿ, ಸಿಂದಗಿ ಕಡೆಯ ಹಳ್ಳಿಗಳಲ್ಲಿ ಪಂಪ್‌ಸೆಟ್ಟುಗಳು ಒಟ್ಟಿಗೆ ಚಾಲೂ ಆದಾಗ ಮನೆಯ ದೀಪ ಮಂಕಾಗುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಅರ್ಥಿಂಗ್. ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ಮೆಂದರೆ "ಸ್ವಲ್ಪ ಕರೆಂಟ್ ಬರುತ್ತದೆ, ಏನಾಗುವುದಿಲ್ಲ" ಎಂದು ಸುಮ್ಮನಾಗಬೇಡಿ. ಮೂರು ಪಿನ್ನಿನ ಸಾಕೆಟ್ ಇದ್ದ ಮಾತ್ರಕ್ಕೆ ಅರ್ಥಿಂಗ್ ಇದೆ ಎಂದಾಗುವುದಿಲ್ಲ, ಎಷ್ಟೋ ಹಳೆಯ ಮನೆಗಳಲ್ಲಿ ಮೂರನೆಯ ತಂತಿಯೇ ಎಳೆದಿರುವುದಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಮೀಟರಿನಿಂದ ನೋಡಿಸಿ. ಫೇಸ್ ಮತ್ತು ಅರ್ಥ್ ನಡುವೆ 230 ವೋಲ್ಟ್ ಹತ್ತಿರ ಬರಬೇಕು, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಕೆಲವೇ ವೋಲ್ಟ್ ಇರಬೇಕು. ಇದ್ದಿಲು, ಉಪ್ಪು ಹಾಕಿದ ಅರ್ಥಿಂಗ್ ಗುಂಡಿ ಬೇಸಿಗೆಯಲ್ಲಿ ಒಣಗಿದರೆ ಕೆಲಸ ಮಾಡುವುದಿಲ್ಲ. ಮಾರ್ಚ್‌ನಿಂದ ಮಳೆ ಬೀಳುವವರೆಗೆ ಆಗಾಗ ಅದಕ್ಕೆ ಒಂದು ಕೊಡ ನೀರು ಸುರಿಯಿರಿ. ಭಾಗಗಳ ಪಟ್ಟಿಯಲ್ಲಿ ಇದು ಎಲ್ಲೂ ಬರುವುದಿಲ್ಲ. ಹೊಸ ಸಾಮಾನು ಮನೆಗೆ ತರುವ ಮೊದಲೇ ಮುಗಿಸಬೇಕಾದ ಕೆಲಸ ಇದು.

ಯುಪಿಎಸ್ ಆಟ ಮುಂದುವರಿಸುವುದಕ್ಕಲ್ಲ, ಕರೆಂಟ್ ಹೋದಾಗ ಕೆಲಸ ಉಳಿಸಿ ಕಂಪ್ಯೂಟರ್ ಮುಚ್ಚುವುದಕ್ಕೆ. 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಹೊರುತ್ತದೆ. ಕಾರ್ಡ್ ಇಲ್ಲದ ಕಂಪ್ಯೂಟರಿಗೆ ಅದು ಧಾರಾಳ, ಕಾರ್ಡ್ ಇದ್ದರೆ 1000 ವಿಎ ನೋಡಿ. ಮನೆಯ ಇನ್ವರ್ಟರಿಗೇ ಜೋಡಿಸುವುದಾದರೆ ಅದು ಸೈನ್ ವೇವ್ ಆಗಿರಲಿ, ಹಿಂದಿನ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿರಲಿ. ಸ್ಕ್ವೇರ್ ವೇವ್ ಇನ್ವರ್ಟರಿಗೆ ಜೋಡಿಸಿದಾಗ ಕೆಲವು ಒಳ್ಳೆಯ ಎಸ್‌ಎಂಪಿಎಸ್‌ಗಳು ಕೂಡ ಥಟ್ಟನೆ ಆಫ್ ಆಗುವುದುಂಟು.

ಬಿಸಿಲಿಗೆ ತಕ್ಕ ಕ್ಯಾಬಿನೆಟ್

ಮುಂಭಾಗ ಪೂರ್ತಿ ಗಾಜಿನಿಂದ ಮುಚ್ಚಿದ ಕ್ಯಾಬಿನೆಟ್ ನೋಡಲು ಚೆಂದ. ಹೊರಗೆ 40 ಡಿಗ್ರಿ ದಾಟುವ ನಮ್ಮ ಊರಿನಲ್ಲಿ ಗಾಳಿ ಒಳಗೆ ಬರಲು ದಾರಿಯೇ ಇಲ್ಲದ ಪೆಟ್ಟಿಗೆ ಬೇಡ. ಕೋಣೆಯ ಗಾಳಿಯೇ 38 ಡಿಗ್ರಿ ಇದ್ದಾಗ ಯಾವ ಫ್ಯಾನೂ ಅದಕ್ಕಿಂತ ತಣ್ಣಗೆ ಮಾಡಲಾರದು, ಬಿಸಿಯನ್ನು ಬೇಗ ಹೊರಗೆ ಹಾಕಬಲ್ಲದು ಅಷ್ಟೆ. ಮುಂದೆ ಜಾಲರಿ, ಅದರ ಹಿಂದೆ ತೆಗೆದು ತೊಳೆಯಬಹುದಾದ ಧೂಳಿನ ಫಿಲ್ಟರ್, ಮುಂದಿನಿಂದ ಗಾಳಿ ಎಳೆಯಲು ಎರಡು ಫ್ಯಾನ್, ಹಿಂದೆ ಹೊರಹಾಕಲು ಒಂದು. ಇಷ್ಟಿದ್ದರೆ ಸಾಕು. ಮೇಜಿನ ಕೆಳಗಿನ ಮರದ ಕಪಾಟಿನಲ್ಲಿ ಪೆಟ್ಟಿಗೆ ತುರುಕಬೇಡಿ, ನೀರಿನ ಕೂಲರ್ ಬೀಸುವ ದಾರಿಯಲ್ಲೂ ಇಡಬೇಡಿ.

ತಿಂಗಳಿಗೊಮ್ಮೆ ಫಿಲ್ಟರ್ ತೊಳೆದು ಒಣಗಿಸಿ ಹಾಕಿ. ಬೇಸಿಗೆ ಮುಗಿದ ಮೇಲೆ ಬ್ಲೋವರ್‌ನಿಂದ ಒಳಗಿನ ಧೂಳು ಹೊಡೆಸಿ. ಆಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ, ಗಾಳಿಯ ರಭಸಕ್ಕೆ ಅದು ಮಿತಿಮೀರಿ ತಿರುಗಿದರೆ ಬೇರಿಂಗ್ ಕೆಡುತ್ತದೆ.

ಎಲ್ಲಿ ಕೊಳ್ಳಬೇಕು

ಆನ್‌ಲೈನ್ ದರ ನೋಡಿಕೊಂಡು ಊರಿನ ಅಂಗಡಿಗೆ ಹೋಗಿ. ಐದಾರು ನೂರು ರೂಪಾಯಿ ಹೆಚ್ಚಾದರೂ ಎಸ್‌ಎಂಪಿಎಸ್ ಮತ್ತು ಮದರ್‌ಬೋರ್ಡನ್ನು ಇಲ್ಲೇ ಕೊಳ್ಳುವುದು ನನಗೆ ಸರಿ ಕಾಣುತ್ತದೆ, ಏಕೆಂದರೆ ಕೆಟ್ಟಾಗ ಹೊತ್ತುಕೊಂಡು ಹೋಗಿ ಎದುರಿಗೆ ನಿಂತು ಕೇಳಬಹುದು. ಪ್ರೊಸೆಸರ್, ರ್‍ಯಾಮ್, ಎಸ್‌ಎಸ್‌ಡಿ ಕೆಡುವುದು ಕಡಿಮೆ. ಅವನ್ನು ಅಗ್ಗ ಸಿಕ್ಕಲ್ಲಿ ತರಿಸಿ. ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಹೋಗಿ ತರುವುದು ಬಹಳ ಹುಡುಗರ ಆಸೆ. ಕೇವಲ ಇದಕ್ಕಾಗಿ ಹೋದರೆ ಬಸ್ಸಿನ ಖರ್ಚು, ಊಟ ಸೇರಿ ಉಳಿದದ್ದು ಕರಗುತ್ತದೆ. ಬೇರೆ ಕೆಲಸಕ್ಕೆ ಹೋದವರಿದ್ದರೆ ತರಿಸಿಕೊಳ್ಳಿ.

ಎಲ್ಲಿ ಕೊಂಡರೂ ಜಿಎಸ್‌ಟಿ ಬಿಲ್ಲಿನಲ್ಲಿ ಪ್ರತಿ ಭಾಗದ ಸೀರಿಯಲ್ ಸಂಖ್ಯೆ ಇರಲಿ. "ಬಿಲ್ ಬೇಡವಾದರೆ 18 ಪರ್ಸೆಂಟ್ ಉಳಿಯುತ್ತದೆ ತಮ್ಮಾ" ಎಂಬ ಮಾತಿಗೆ ಒಪ್ಪಿಕೊಂಡರೆ ವಾರಂಟಿ ಕೇಳಲು ನಿಮ್ಮ ಕೈಯಲ್ಲಿ ಕಾಗದವೇ ಇರುವುದಿಲ್ಲ. ಖಾಲಿ ಡಬ್ಬಿಗಳನ್ನೂ ಅಟ್ಟದ ಮೇಲೆ ಇಡಿ, ಕೊರಿಯರಿನಲ್ಲಿ ಕಾರ್ಡ್ ಕಳಿಸುವಾಗ ಬೇಕಾಗುತ್ತವೆ.

ಸೆಕೆಂಡ್ ಹ್ಯಾಂಡ್ ಕಾರ್ಡ್ ಕೊಳ್ಳಬಹುದು, ಆದರೆ ಕಂಪ್ಯೂಟರಿಗೆ ಹಾಕಿ ಅರ್ಧ ಗಂಟೆ ಭಾರೀ ಆಟವೊಂದನ್ನು ಓಡಿಸಿ ನೋಡಿದ ಮೇಲೆ. ಪರದೆಯಲ್ಲಿ ಬಣ್ಣದ ಚುಕ್ಕಿ, ಗೆರೆ ಬಂದರೆ ಅಲ್ಲೇ ಬಿಟ್ಟು ಬನ್ನಿ. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಕಾರ್ಡಿನ ನಿಜವಾದ ವಿವರ ತೋರಿಸುತ್ತದೆ. ಆರ್‌ಎಕ್ಸ್ 580 ಎಂದು ಕೊಟ್ಟದ್ದು ಅದರಲ್ಲಿ 2048 ಶೇಡರ್ (ಚಿತ್ರದ ಲೆಕ್ಕ ಮಾಡುವ ಸಣ್ಣ ಘಟಕಗಳು) ತೋರಿಸಿದರೆ ಅದು ಕಡಿಮೆ ಬಲದ ರೂಪ, ಪೂರ್ಣ 580ರಲ್ಲಿ 2304 ಇರುತ್ತವೆ. ಸೆಕೆಂಡ್ ಹ್ಯಾಂಡ್ ಎಸ್‌ಎಂಪಿಎಸ್ ಮಾತ್ರ ಯಾರು ಕೊಟ್ಟರೂ ಬೇಡ.

ಜೋಡಿಸುವ ದಿನ

ಅಂಗಡಿಯವರಿಂದಲೇ ಜೋಡಿಸಿಕೊಂಡರೂ ಪಕ್ಕದಲ್ಲಿ ನಿಂತು ನೋಡಿ, ಡಬ್ಬಿಗಳು ನಿಮ್ಮ ಮುಂದೆಯೇ ತೆರೆಯಲಿ. ನೀವೇ ಜೋಡಿಸುವುದಾದರೆ ರೈಝೆನ್ 5600ರಂತಹ ಎಎಂ4 ಪ್ರೊಸೆಸರಿನ ಕೆಳಗಿನ ಪಿನ್ನುಗಳನ್ನು ಮುಟ್ಟಬೇಡಿ; ಇಂಟೆಲ್‌ನಲ್ಲಿ ಪಿನ್ನುಗಳು ಬೋರ್ಡಿನ ಕಡೆ ಇರುತ್ತವೆ, ಅಲ್ಲೂ ಬೆರಳು ತಾಗಬಾರದು. ತ್ರಿಕೋನದ ಗುರುತು ತ್ರಿಕೋನಕ್ಕೆ ಹೊಂದಿದರೆ ಪ್ರೊಸೆಸರ್ ತಾನಾಗಿಯೇ ಕೂರುತ್ತದೆ, ಒತ್ತಬೇಕಾಗಿಲ್ಲ. ಡಬ್ಬಿಯೊಳಗಿನ ಕೂಲರಿಗೆ ಪೇಸ್ಟ್ ಮೊದಲೇ ಹಚ್ಚಿರುತ್ತದೆ. ಬೋರ್ಡಿನಲ್ಲಿ ನಾಲ್ಕು ಕಿಂಡಿಗಳಿದ್ದರೆ ರ್‍ಯಾಮ್ ಕಡ್ಡಿಗಳನ್ನು ಪ್ರೊಸೆಸರಿನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಕಿಂಡಿಗೆ ಹಾಕಿ.

ಎಲ್ಲ ಮುಗಿದ ಮೇಲೆ ಮಾನಿಟರಿನ ಕೇಬಲ್ಲನ್ನು ಗ್ರಾಫಿಕ್ಸ್ ಕಾರ್ಡಿನ ಕಿಂಡಿಗೇ ಚುಚ್ಚಿ. ಬೋರ್ಡಿನ ಕಿಂಡಿಗೆ ಚುಚ್ಚಿ "ಆಟ ನಿಧಾನ" ಎಂದು ಕೊರಗುವವರು ಈಗಲೂ ಸಿಗುತ್ತಾರೆ. ಬಯೋಸ್‌ಗೆ ಹೋಗಿ ಎಕ್ಸ್‌ಎಂಪಿ ಚಾಲೂ ಮಾಡಿ, ಇಲ್ಲದಿದ್ದರೆ 3200ರ ರ್‍ಯಾಮ್ ಕಡಿಮೆ ವೇಗದಲ್ಲೇ ಓಡುತ್ತಿರಬಹುದು. ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 100 ಹರ್ಟ್ಸ್ ಆರಿಸಿ, ಅದು ಎಷ್ಟೋ ಬಾರಿ 60ರಲ್ಲೇ ಉಳಿದಿರುತ್ತದೆ. ಡ್ರೈವರನ್ನು ಕಾರ್ಡಿನ ಕಂಪನಿಯ ಜಾಲತಾಣದಿಂದಲೇ ಇಳಿಸಿಕೊಳ್ಳಿ. ಮೊದಲ ವಾರ ಆಡುವಾಗ ತಾಪಮಾನ ತೋರಿಸುವ ತಂತ್ರಾಂಶವನ್ನು ತೆರೆದಿಡಿ. ಪ್ರೊಸೆಸರ್ 90 ಡಿಗ್ರಿ ದಾಟುತ್ತಿದ್ದರೆ ಕೂಲರಿನ ಸ್ಕ್ರೂಗಳು ಸಮನಾಗಿ ಬಿಗಿಯಾಗಿವೆಯೇ ನೋಡಿ. ಆಗಲೂ ಇಳಿಯದಿದ್ದರೆ ಅಂಗಡಿಗೆ ಆ ವಾರವೇ ಹೋಗಿ, ಬದಲಿ ಕೊಡುವ ಅವಧಿ ಮುಗಿಯುವವರೆಗೆ ಕಾಯಬೇಡಿ.